ಭಟ್ಟಿಯ ಕಿಂಡಿ

ಒಂಬತ್ತನೇ ಬೆಡ್ಡಿನ ಕೊಗ್ಗಪ್ಪ ಬಂಗೇರರಿಗೆ
ಗಂಟೆಗೆ ಇಪ್ಪತ್ತು ಎಂ.ಎಲ್.
ಅಂದರೆ ನಾಲ್ಕು ಟೀ ಚಮಚ,
ಮೂಗಿನ ನಳಿಗೆಯಲ್ಲಿ, ವೆನಿಲಾ ವಾಸನೆಯ ಹಿಟ್ಟುನೀರು.
ಬರೆದದ್ದು ನಾನು,
ಈ ಐಸಿಯುವಿನ ಊಟದ ಲೆಕ್ಕದವಳು.

ಹಂಪನಕಟ್ಟೆಯ ಬಸ್ಸಿನಲ್ಲಾಗಲಿ, ಬೊಜ್ಜದ ಮನೆಯಲ್ಲಾಗಲಿ
ನಮ್ಮೂರಲ್ಲಿ ಮೊದಲ ಮಾತು ಒಂದೇ:
ವನಸ್ ಆಂಡಾ? ಊಟ ಆಯ್ತಾ?
ನಾನೂ ಅದನ್ನೇ ಕೇಳುತ್ತೇನೆ, ಬಾಯಿಯನ್ನಲ್ಲ;
ಸಿರಿಂಜಿನಲ್ಲಿ ಹೊಟ್ಟೆಯಿಂದ ಎಳೆದ ಉಳಿಕೆಯನ್ನು,
ಫಾಸ್ಫೇಟಿನ ಅಂಕಿಯನ್ನು,
ಬೆಳಗಿನ ಆರು ಗಂಟೆಯ ರಕ್ತವನ್ನು.

ಸಿಆರ್‌ಪಿ ಮುನ್ನೂರ ಹನ್ನೆರಡು.
ಇಲಿಜ್ವರ ಹಚ್ಚಿ ಹೋದ ಬೆಂಕಿ.

"ನಾಲ್ಕು ಚಮಚವಾ?" ಎಂದರು ಗುಲಾಬಿಯಕ್ಕ,
"ಮೂರು ಬಟ್ಟಲು ಗಂಜಿ ಉಣ್ಣುತ್ತಿದ್ದ ಜನ."
ಉಪವಾಸ ಬಿದ್ದ ಮೈಗೆ ಒಮ್ಮೆಲೇ ಸುರಿಯಬಾರದು,
ಹೃದಯದ ತಾಳ ತಪ್ಪುತ್ತದೆ ಎಂದೆ.
ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದೆ.
ಅವರು ಚಿತ್ರ ನೋಡಲಿಲ್ಲ.
ಇಪ್ಪತ್ತಾರು ವರ್ಷ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ
ಭಟ್ಟಿಗೆ ಬೆಂಕಿ ಕೊಟ್ಟವನ ಹೆಂಡತಿ.
"ಹಸಿ ಹಂಚಿಗೆ ಮೊದಲ ದಿನ ಬರೀ ಹೊಗೆ.
ಜೋರು ಕೊಟ್ಟರೆ ಸಿಡೀತದೆ. ಹಾಗಲ್ವಾ ಇದು?"
ಹಾಗೇ, ಎಂದೆ.
ನನ್ನ ಎರಡು ಡಿಗ್ರಿ ಆ ಬೆಂಚಿನ ಮೇಲೆ
ಸ್ವಲ್ಪ ಸರಿದು ಅವರಿಗೆ ಜಾಗ ಕೊಟ್ಟವು.

ಅಂಗೈಯಗಲದ ಕಿಂಡಿಯಂತೆ ಭಟ್ಟಿಗೆ.
ಅದಕ್ಕೆ ಕಣ್ಣಿಟ್ಟು, ಒಳಗಿನ ಬಣ್ಣ ನೋಡಿ
ಕಟ್ಟಿಗೆ ಹಾಕು, ನಿಲ್ಲಿಸು ಎನ್ನುತ್ತಿದ್ದರಂತೆ.
ಒಂದು ಹುಬ್ಬು ಸುಟ್ಟದ್ದು ಮತ್ತೆ ಬೆಳೆಯಲೇ ಇಲ್ಲ.
ನನ್ನ ಕಿಂಡಿ ಲ್ಯಾಬಿನ ಕಾಗದ,
ಎರಡು ದಿನಕ್ಕೊಮ್ಮೆ ತೆರೆಯುತ್ತದೆ:
ಇನ್ನೂರ ಅರುವತ್ತೆಂಟು.
ಮತ್ತೆ ಇನ್ನೂರ ತೊಂಬತ್ತೊಂದು.

ಹೊಸ ಡಾಕ್ಟರು ಆಲ್ಬುಮಿನ್ ತೋರಿಸಿ ಕೇಳಿದರು,
ಊಟ ಸಾಲದೇನೋ ಮೇಡಂ?
ಊಟದ್ದಲ್ಲ ಡಾಕ್ಟರೇ, ಬೆಂಕಿಯದ್ದು.
ಮನೆ ಉರಿಯುವಾಗ ಯಕೃತ್ತಿಗೆ
ದಾಸ್ತಾನು ತುಂಬಿಡಲು ಪುರುಸೊತ್ತೆಲ್ಲಿ?
ಕಟ್ಟಿಗೆ ಮುಗಿದರೆ ಈ ಜ್ವರ
ಮಾಡಿನ ಪಕ್ಕಾಸನ್ನೇ ಕಿತ್ತು ಒಲೆಗಿಡುತ್ತದೆ.
ಮೊನ್ನೆ ತೊಡೆ. ನಿನ್ನೆ ಭುಜ.
ಇಂದು ಹಣೆಯ ಎರಡು ಬದಿಗೂ
ಹೆಬ್ಬೆರಳಿನಲ್ಲಿ ಒತ್ತಿದ ಹಾಗೆ ಗುಂಡಿ.

ದಿನಾ ಮಧ್ಯಾಹ್ನ ಸ್ಟೀಲಿನ ತೂಕುಪಾತ್ರೆಯಲ್ಲಿ
ಕುಚ್ಚಲಕ್ಕಿ ಗಂಜಿ ಬರುತ್ತದೆ, ಮೇಲೆ ಬಾಳೆಲೆಯ ತುಂಡು.
ಗೇಟಿನವನು ದಿನಾ ಬೇಡ ಎನ್ನುತ್ತಾನೆ.
ಎಲ್ಲಿ ಹೋಗುತ್ತದೆ ಇದು, ಒಂದು ದಿನ ಕೇಳಿದೆ.
ಮೆಟ್ಟಿಲ ಕೆಳಗೆ ಏಳನೇ ಬೆಡ್ಡಿನ ಹುಡುಗ,
ಬಾದಾಮಿ ಕಡೆಯವನು, ಸೆಂಟ್ರಿಂಗ್ ಕೆಲಸ,
ಒಳಗೆ ಅಣ್ಣ. ಉಣ್ಣುತ್ತಿದ್ದ.
"ಅಕ್ಕಿ ಕೆಂಪ್ಯಾಕೈತ್ರೀ ಇದು?" ಎಂದು
ಉತ್ತರಕ್ಕೆ ಕಾಯದೆ ಮತ್ತೊಂದು ತುತ್ತು.
ಗುಲಾಬಿಯಕ್ಕ ಉಪ್ಪಿನಕಾಯಿ ಬಡಿಸುತ್ತಾ
ಅವನ ಗಂಟಲು ಏರಿಳಿಯುವುದನ್ನೇ ನೋಡುತ್ತಿದ್ದರು.
ನಿಮ್ಮದಾಯ್ತಾ ಎಂದು ಕೇಳಿದೆ.
ಪಾತ್ರೆಯ ಮುಚ್ಚಳ ಒರೆಸಿದರು.
ಅವರಿಗೆ ಯಾವ ಚಾರ್ಟಿನಲ್ಲೂ ಗೆರೆಯಿಲ್ಲ.

ಹನ್ನೊಂದನೇ ದಿನ ನೂರ ನಲುವತ್ತು.
ಸಿಸ್ಟರ್ ಪ್ಲಾವಿಯಾ ಕಾಗದ ಎತ್ತಿ ಹಿಡಿದು ಬಂದರು.
ನಾನು ಬೆಂಚಿಗೆ ಹೋಗಿ ಹೇಳಿದೆ, ಬೆಂಕಿ ಇಳಿಯುತ್ತಿದೆ.
ಅವರು ನಗಲಿಲ್ಲ.
"ಬೆಂಕಿ ನಿಂತ ಮೇಲೆಯೇ ಹೆದರಿಕೆ," ಎಂದರು.
"ಕೂಡಲೇ ಬಾಗಿಲು ತೆಗೆದರೆ ಹೊರಗಿನ ಗಾಳಿ ತಾಗಿ
ಬೆಂದ ಹಂಚೂ ಬಿರುಕು ಬಿಡ್ತದೆ.
ನಾಲ್ಕು ದಿನ ಹೊರಗೇ ಕೂತಿರುತ್ತಿದ್ದರು ಇವರು,
ಬೀಡಿ ಸೇದಿಕೊಂಡು."

ಒಳಗೆ ಬಂದು ಚಾರ್ಟು ತೆಗೆದೆ.
ನಲುವತ್ತನ್ನು ಅರುವತ್ತು ಮಾಡಬೇಕೆಂದಿದ್ದೆ.
ನಲುವತ್ತೈದು ಎಂದು ಬರೆದೆ.
ಪಂಪು ಒಮ್ಮೆ ಬೀಪೆಂದು
ಹೊಸ ಲೆಕ್ಕಕ್ಕೆ ಒಪ್ಪಿಕೊಂಡಿತು.